ಹುಟ್ಟುಹಬ್ಬದ ಮಕ್ಕಳೊಡನೆ ಒಂದು ಕಿರುಚಿತ್ರ

ಪ್ರಶ್ನೆ: ಜುಲೈನಲ್ಲಿ ನನ್ನ ಮಗಳಿಗೆ 7 ವರ್ಷ ತುಂಬುತ್ತದೆ. ಅಂದು ಮನೆಗೆ ಬರುವ ಒಂಬತ್ತು ಮಕ್ಕಳನ್ನು ಸೇರಿಸಿಕೊಂಡು ಕಿರುಚಿತ್ರವೊಂದನ್ನು ಮಾಡುವ ಆಸೆಯಿದೆ. ಕಳೆದ ವರ್ಷ ಮಾತುಗಳನ್ನು ಬರೆದು ಬಾಯಿಪಾಠ ಮಾಡಿಸಿದ್ದೆ. ಒಬ್ಬ ಹುಡುಗ ಮಾತು ಮರೆತು ಅತ್ತುಬಿಟ್ಟ, ಉಳಿದವರು ಊಟದ ಕಡೆಗೆ ಓಡಿದರು. ನನ್ನ ಬಳಿ ಇರುವುದು ಮೊಬೈಲ್ ಒಂದೇ. ಮಳೆಯಲ್ಲಿ ತೋಟಕ್ಕೆ ಇಳಿಯುವಂತೆಯೂ ಇಲ್ಲ. ಏನು ಮಾಡಬಹುದು?
— ಒಬ್ಬ ತಾಯಿ, ಅಮ್ಮತ್ತಿ, ಕೊಡಗು

ಉತ್ತರ: ಈ ಬಾರಿ ಬಾಯಿಪಾಠವನ್ನು ಪೂರ್ತಿ ಕೈಬಿಡಿ. ಈ ವಯಸ್ಸಿನ ಮಕ್ಕಳು ಅಭಿನಯಿಸುವುದಕ್ಕಿಂತ ಚೆನ್ನಾಗಿ ಆಡುತ್ತಾರೆ. ಆದ್ದರಿಂದ ಅವರು ಹೇಗೂ ಆಡುವ ಕಣ್ಣಾಮುಚ್ಚಾಲೆಯನ್ನೇ ಕಥೆಯಾಗಿಸಿ. ಹುಟ್ಟುಹಬ್ಬದ ಹುಡುಗಿ ಕಾಣೆಯಾಗುತ್ತಾಳೆ, ಗೆಳೆಯರು ಮನೆಯೆಲ್ಲ ಹುಡುಕುತ್ತಾರೆ, ಕೊನೆಗೆ ಕೇಕ್ ಇಟ್ಟ ಮೇಜಿನ ಕೆಳಗೆ ಸಿಗುತ್ತಾಳೆ. ಇಷ್ಟು ಸಾಕು.

ಕಾಣೆಯಾಗುವ ದೃಶ್ಯಕ್ಕೆ ಮಳೆಗಾಲದ ದೊಡ್ಡ ಕರಿ ಕೊಡೆಯೇ ಸಾಕು. ಮೊಬೈಲನ್ನು ಅಡ್ಡವಾಗಿ, ಅಲುಗದಂತೆ ಪುಸ್ತಕಗಳ ಮೇಲೆ ಒರಗಿಸಿಡಿ. ಬಿಚ್ಚಿದ ಕೊಡೆಯನ್ನು ನೆಲದ ಮೇಲಿಟ್ಟು, ಮಗಳು ಅದರ ಹಿಂದೆ ಮುದುಡಿ ಕುಳಿತುಕೊಳ್ಳಲಿ. ಚಿತ್ರೀಕರಣವನ್ನು ಅಲ್ಲಿಗೆ ನಿಲ್ಲಿಸಿ, ಕೊಡೆ ಕದಲದಂತೆ ಅವಳನ್ನು ಈಚೆಗೆ ಕರೆದು, ಮತ್ತೆ ಆರಂಭಿಸಿ, ಮತ್ತೊಬ್ಬ ಮಗು ಬಂದು ಕೊಡೆಯನ್ನು ಎತ್ತಲಿ: ಹಿಂದೆ ಯಾರೂ ಇಲ್ಲ! ಎರಡು ತುಣುಕುಗಳನ್ನು ಜೋಡಿಸಿದಾಗ ಬೆಸುಗೆ ಕಾಣುವುದಿಲ್ಲ. ಫ್ರಾನ್ಸಿನ ಚಿತ್ರ ನಿರ್ದೇಶಕ ಜಾರ್ಜ್ ಮೆಲಿಯೆ 1896ರಲ್ಲಿ ತೆರೆಯ ಮೇಲೆ ಒಬ್ಬ ಮಹಿಳೆಯನ್ನು ಮಾಯ ಮಾಡಿದ್ದು ಇದೇ ಉಪಾಯದಿಂದ. ಮೋಡ ಸರಿದು ಬೆಳಕು ಬದಲಾದರೆ ಮಾತ್ರ ಗುಟ್ಟು ಬಯಲಾಗುತ್ತದೆ. ಹಾಗಾಗಿ ಎರಡೂ ತುಣುಕುಗಳನ್ನು ಒಂದೆರಡು ನಿಮಿಷದೊಳಗೆ ತೆಗೆಯಿರಿ.

ಹುಡುಕಾಟವನ್ನು ಜಗಲಿಯಲ್ಲಿ ನಡೆಸಿ. ಐನ್‌ಮನೆ (ಕೊಡವ ಕುಟುಂಬದ ಪೂರ್ವಿಕರ ಮನೆ) ಆಗಿದ್ದರೆ ಅದರ ಮುಂಭಾಗದ ತೆರೆದ ಜಗಲಿಯಾದ ಕೈಯಾಲೆಗಿಂತ ಒಳ್ಳೆಯ ಜಾಗ ಬೇರೆ ಬೇಡ, ಏಕೆಂದರೆ ಮಳೆಮೋಡದ ಮೆತ್ತನೆಯ ಬೆಳಕು ಮುಖಗಳ ಮೇಲೆ ಸಮವಾಗಿ ಬೀಳುತ್ತದೆ. ಬೆಳಕು ನಿಮ್ಮ ಬೆನ್ನ ಹಿಂದಿರಲಿ, ಮಕ್ಕಳು ಅದಕ್ಕೆ ಎದುರಾಗಿರಲಿ. ನೀವು ಮಣೆಯ ಮೇಲೆ ಕುಳಿತು ಅವರ ಕಣ್ಣಿನ ಮಟ್ಟಕ್ಕೆ ಇಳಿಯಿರಿ. ಕೊಯ್ಲಿನ ಖಾಲಿ ಬುಟ್ಟಿಯೊಳಗೆ ಇಣುಕುವ ಮಗುವಿನ ಮುಖವನ್ನು ನಿಂತು ತೆಗೆದರೆ ನೆತ್ತಿಯಷ್ಟೇ ಕಾಣುತ್ತದೆ. ತಣ್ಣನೆಯ ಜಗಲಿಯಿಂದ ಅಡುಗೆಮನೆಯ ಆವಿಗೆ ಹೋದೊಡನೆ ಲೆನ್ಸ್ ಮಂಜಾಗುವುದರಿಂದ ಹತ್ತಿಬಟ್ಟೆಯೊಂದು ಕೈಯಲ್ಲಿರಲಿ. ಆದರೆ ಕಡಂಬುಟ್ಟು (ಅಕ್ಕಿತರಿಯ ಉಂಡೆ) ಬೇಯುತ್ತಿರುವ ಒಲೆಯ ಬಳಿ ಮಕ್ಕಳನ್ನು ದಯವಿಟ್ಟು ಬಿಡಬೇಡಿ.

ಹಂಚಿನ ಮೇಲೆ, ಅದಕ್ಕಿಂತ ಹೆಚ್ಚಾಗಿ ತಗಡಿನ ಮೇಲೆ, ಬೀಳುವ ಮಳೆಯ ಸದ್ದು ಮಕ್ಕಳ ದನಿಯನ್ನು ನುಂಗಿಬಿಡುತ್ತದೆ. ಅದಕ್ಕಾಗಿ ಕೊರಗಬೇಕಾಗಿಲ್ಲ. ಊಟದ ನಂತರ ಒಳಕೋಣೆಯಲ್ಲಿ, ಕಂಬಳಿ ಹಾಸಿದ ಮಂಚದ ಮೇಲೆ ಇಬ್ಬಿಬ್ಬರನ್ನೇ ಕೂರಿಸಿ, ಮೊಬೈಲನ್ನು ಬಾಯಿಯಿಂದ ಒಂದು ಗೇಣು ದೂರದಲ್ಲಿ ಹಿಡಿದು, ‘ಅವಳು ಎಲ್ಲಿ ಹೋಗಿರಬಹುದು?’ ಎಂದು ಕೇಳಿ. ಅವರು ತಾವಾಗಿ ಹೇಳುವ ಉತ್ತರಗಳನ್ನೇ ಚಿತ್ರದ ಮೇಲೆ ಕೂರಿಸಿರಿ. ನೀವು ಬರೆದುಕೊಡುವ ಯಾವ ಮಾತೂ ಅದಕ್ಕೆ ಸಮನಾಗದು.

ಚಿತ್ರೀಕರಣವೆಲ್ಲ ಕೇಕ್ ಕತ್ತರಿಸುವ ಮೊದಲು, ನಲವತ್ತು ನಿಮಿಷದೊಳಗೆ ಮುಗಿಯಲಿ. ಸುಮಾರು 8 ಸೆಕೆಂಡುಗಳ 15 ತುಣುಕುಗಳಿದ್ದರೆ 2 ನಿಮಿಷದ ಚಿತ್ರವಾಗುತ್ತದೆ. ಕಥೆಯ ಕ್ರಮದಲ್ಲೇ ತೆಗೆಯಿರಿ; ಹಿಂದುಮುಂದಾಗಿ ತೆಗೆದರೆ ಚಿಕ್ಕವರಿಗೆ ಆಟದ ಎಳೆ ತಪ್ಪುತ್ತದೆ. ಕರೆಂಟ್ ಹೋಗುವುದು ಮಳೆಗಾಲದಲ್ಲಿ ಇದ್ದದ್ದೇ, ಹಿಂದಿನ ರಾತ್ರಿಯೇ ಚಾರ್ಜ್ ಮಾಡಿಡಿ. ಚಿತ್ರೀಕರಣದ ವಿಷಯವನ್ನು ಎಲ್ಲ ಮಕ್ಕಳ ಮನೆಯವರಿಗೂ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ, ಸಿದ್ಧವಾದ ಚಿತ್ರವನ್ನು ಅವರಿಗೆ ಮಾತ್ರ ಕಳುಹಿಸಿ.

ಕಳೆದ ವರ್ಷ ಅತ್ತ ಹುಡುಗನನ್ನು ಕ್ಯಾಮೆರಾದ ಎದುರು ನಿಲ್ಲಲು ಒತ್ತಾಯಿಸಬೇಡಿ. ಅವನನ್ನು ನಿಮ್ಮ ಪಕ್ಕದಲ್ಲಿ ಕೂರಿಸಿಕೊಂಡು, ಪ್ರತಿ ತುಣುಕಿಗೂ ‘ಶುರು’ ಎಂದು ಕೂಗುವ ಮತ್ತು ಮೊಬೈಲಿನ ಕೆಂಪು ಗುಂಡಿ ಒತ್ತುವ ಕೆಲಸ ಕೊಡಿ. ನಡುವೆ ಅವನಾಗಿಯೇ ಎದ್ದು ಹುಡುಕಾಟಕ್ಕೆ ಸೇರಿಕೊಂಡರೆ ತಡೆಯಬೇಡಿ, ಗುಂಡಿಯನ್ನು ನೀವೇ ಒತ್ತಿ.