ಪ್ರಶ್ನೋತ್ತರ: ಪರದೇಶದ ಕಂದಕಗಳಲ್ಲಿ ಆಸ್ಟ್ರೇಲಿಯದ ಸೈನಿಕರು

ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ ಪಡೆಗಳು 1915ರ ಏಪ್ರಿಲ್ 25ರಂದು ಟರ್ಕಿಯ ಗಲಿಪೊಲಿ ದಂಡೆಯಲ್ಲಿ ಇಳಿದ ನೆನಪಿಗೆ ಆಚರಿಸುವ ಆಂಜಾಕ್ ದಿನದ ಕುರಿತು ಕಳೆದ ಸಂಚಿಕೆಯಲ್ಲಿ ಕಿರುಟಿಪ್ಪಣಿಯೊಂದು ಪ್ರಕಟವಾಗಿತ್ತು. ಅದನ್ನು ಓದಿ ನಮ್ಮ ಭಾಗದ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಲಾಗಿದೆ.

ಹಾವೇರಿಯ ನಿವೃತ್ತ ಶಿಕ್ಷಕರೊಬ್ಬರು: ಯುರೋಪಿನ ಜಗಳಕ್ಕೂ ಆಸ್ಟ್ರೇಲಿಯಕ್ಕೂ ಏನು ಸಂಬಂಧ? ಅಲ್ಲಿಯ ಯುವಕರನ್ನು ಬಲವಂತವಾಗಿ ಕಳುಹಿಸಲಾಯಿತೇ?

ಬ್ರಿಟನ್ 1914ರ ಆಗಸ್ಟ್ 4ರಂದು ಜರ್ಮನಿಯ ಮೇಲೆ ಯುದ್ಧ ಸಾರಿದಾಗ, ಸಾಮ್ರಾಜ್ಯಕ್ಕೆ ಸೇರಿದ್ದ ಆಸ್ಟ್ರೇಲಿಯವೂ ತಾನಾಗಿಯೇ ಯುದ್ಧದಲ್ಲಿ ಸಿಲುಕಿತು. ಆದರೆ ಹೊರದೇಶಕ್ಕೆ ಹೋಗಲು ಯಾರನ್ನೂ ಒತ್ತಾಯಿಸುವ ಅಧಿಕಾರ ಅಲ್ಲಿಯ ಸರಕಾರಕ್ಕೆ ಇರಲಿಲ್ಲ. ಆ ಅಧಿಕಾರವನ್ನು ಪಡೆಯಲು ಪ್ರಧಾನಿ ಬಿಲ್ಲಿ ಹ್ಯೂಸ್ ಅವರು 1916ರ ಅಕ್ಟೋಬರ್ ಮತ್ತು 1917ರ ಡಿಸೆಂಬರ್ ತಿಂಗಳುಗಳಲ್ಲಿ ಎರಡು ಬಾರಿ ಜನಮತ ಕೇಳಿದರು. ಎರಡು ಬಾರಿಯೂ ಜನ ಬೇಡವೆಂದರು. ಹೀಗಾಗಿ ಐವತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಆ ದೇಶದಲ್ಲಿ ಸೇನೆಗೆ ಹೆಸರು ಕೊಟ್ಟ 4,16,000ಕ್ಕೂ ಹೆಚ್ಚು ಜನರೆಲ್ಲ ಸ್ವಇಚ್ಛೆಯಿಂದ ಸೇರಿದವರೇ. ಅವರಲ್ಲಿ 60,000ಕ್ಕೂ ಹೆಚ್ಚು ಮಂದಿ ಮರಳಿ ಬರಲಿಲ್ಲ.

ಬ್ರಿಟನ್ನಿನ ಮೇಲಿನ ಅಭಿಮಾನ, ಊರು ಬಿಟ್ಟು ಲೋಕ ನೋಡುವ ಹುಮ್ಮಸ್ಸು, 1914ರ ಬರಗಾಲ ಎಲ್ಲವೂ ಅವರನ್ನು ಸೇನೆಗೆ ಎಳೆದವು. ಪಗಾರದ ಆಕರ್ಷಣೆಯೂ ಚಿಕ್ಕದಾಗಿರಲಿಲ್ಲ. ಆಸ್ಟ್ರೇಲಿಯದ ಸಾಮಾನ್ಯ ಸೈನಿಕನಿಗೆ ದಿನಕ್ಕೆ 6 ಶಿಲ್ಲಿಂಗ್ ಸಿಗುತ್ತಿತ್ತು. ಅದರಲ್ಲಿ ಒಂದು ಶಿಲ್ಲಿಂಗನ್ನು ಬಿಡುಗಡೆಯಾಗುವವರೆಗೆ ತಡೆಹಿಡಿಯಲಾಗುತ್ತಿತ್ತು. ಯುದ್ಧ ಆರಂಭವಾದಾಗ ಬ್ರಿಟಿಷ್ ಸೈನಿಕನಿಗೆ ಇದ್ದದ್ದು ಒಂದೇ ಶಿಲ್ಲಿಂಗ್. ನಮ್ಮ ಸಿಪಾಯಿಗೆ ಭತ್ಯೆ ಬಿಟ್ಟರೆ ತಿಂಗಳಿಗೆ 11 ರೂಪಾಯಿ. ಒಂದು ರೂಪಾಯಿಗೆ 16 ಪೆನ್ಸ್ (ಒಂದು ಶಿಲ್ಲಿಂಗಿಗೆ 12 ಪೆನ್ಸ್) ಇದ್ದ ಆ ಕಾಲದ ವಿನಿಮಯ ದರದಲ್ಲಿ ಲೆಕ್ಕ ಹಾಕಿದರೆ, ಭಾರತೀಯ ಸಿಪಾಯಿಯ ತಿಂಗಳ ಸಂಬಳವನ್ನು ಆಸ್ಟ್ರೇಲಿಯದವನು ಎರಡೂವರೆ ದಿನಗಳಲ್ಲಿ ಗಳಿಸುತ್ತಿದ್ದ. ಒಂದೇ ಸಾಮ್ರಾಜ್ಯ, ಒಂದೇ ಶತ್ರು, ತಾಗುವ ಗುಂಡೂ ಒಂದೇ. ಬಟವಾಡೆಯ ಪಟ್ಟಿ ಮಾತ್ರ ಬೇರೆ ಬೇರೆ.

ಅಣ್ಣಿಗೇರಿಯ ರೈತರೊಬ್ಬರು: ನಮ್ಮ ಎರೆಹೊಲದಲ್ಲಿ ಆಳೆತ್ತರದ ತಗ್ಗು ತೋಡಿದರೆ ಮಳೆಗಾಲದಲ್ಲಿ ಬದಿ ಕುಸಿದು ನೀರು ನಿಲ್ಲುತ್ತದೆ. ಮಳೆ ಮತ್ತು ಹಿಮದ ನಾಡಿನಲ್ಲಿ ಸೈನಿಕರು ವರ್ಷಗಟ್ಟಲೆ ತಗ್ಗಿನಲ್ಲಿದ್ದು ಹೋರಾಡಿದರೆಂಬುದು ನಿಜವೇ?

ತಮ್ಮ ಅನುಮಾನ ಮಣ್ಣನ್ನು ಬಲ್ಲವರ ಅನುಮಾನ. ಉತ್ತರ ಫ್ರಾನ್ಸ್ ಮತ್ತು ಬೆಲ್ಜಿಯಮ್ಮಿನ ತಗ್ಗು ಪ್ರದೇಶದ ಜೇಡಿಮಣ್ಣು ಮಳೆ ಬಿದ್ದರೆ ನಮ್ಮ ಎರೆಯಂತೆಯೇ ಕಾಲನ್ನು ಕಚ್ಚಿ ಹಿಡಿಯುತ್ತದೆ. 1916ರ ವಸಂತದಲ್ಲಿ ಆಸ್ಟ್ರೇಲಿಯದ ಪಡೆಗಳು ಫ್ರಾನ್ಸಿಗೆ ಬಂದು ಮೊದಲು ನೆಲೆ ನಿಂತ ಆರ್ಮಂಟಿಯೇರ್ ಮತ್ತು ಫ್ರೊಮೆಲ್ ಸುತ್ತಿನಲ್ಲಂತೂ ಸ್ವಲ್ಪ ಅಗೆದರೂ ನೀರು ಕಾಣಿಸಿಕೊಳ್ಳುತ್ತಿತ್ತು. ಆದ್ದರಿಂದ ಅಲ್ಲಿ ತೋಡಿದ್ದಕ್ಕಿಂತ ಕಟ್ಟಿದ್ದೇ ಹೆಚ್ಚು: ಮಣ್ಣು ತುಂಬಿದ ಚೀಲಗಳನ್ನು ಒಂದರ ಮೇಲೊಂದು ಪೇರಿಸಿ ಆಳೆತ್ತರದ ಗೋಡೆ ಎಬ್ಬಿಸಿ, ಅದರ ಮರೆಯಲ್ಲಿ ನಿಲ್ಲುತ್ತಿದ್ದರು. ಕೋಟಿಗಟ್ಟಲೆ ಬೇಕಾದ ಆ ಚೀಲಗಳ ಸೆಣಬು ನಮ್ಮ ಬಂಗಾಳದ್ದು.

ನೆಲ ಗಟ್ಟಿಯಿದ್ದಲ್ಲಿ ತೋಡಿದ ಕಂದಕವೂ ನೇರ ಕಾಲುವೆಯಾಗಿರಲಿಲ್ಲ. ಒಂದು ತುದಿಯಿಂದ ನುಗ್ಗಿದ ಶತ್ರು ಉದ್ದಕ್ಕೂ ಗುಂಡು ಹಾರಿಸಬಾರದು, ಒಳಗೆ ಬಿದ್ದ ಷೆಲ್ಲಿನ ಹೊಡೆತ ಒಂದು ತಿರುವಿಗೆ ನಿಲ್ಲಬೇಕು ಎಂಬ ಕಾರಣಕ್ಕೆ ಅದನ್ನು ಅಂಕುಡೊಂಕಾಗಿ ತೆಗೆಯುತ್ತಿದ್ದರು. ಒಳಬದಿಯಲ್ಲಿ ಹತ್ತಿ ನಿಂತು ಗುಂಡು ಹಾರಿಸಲು ಒಂದು ಮೆಟ್ಟಿಲು, ತಳದಲ್ಲಿ ಕೆಸರಿನ ಮೇಲೆ ನಡೆಯಲು ಮರದ ಪಟ್ಟಿಗಳ ಹಾಸು, ಎದುರಿಗೆ ಮುಳ್ಳುತಂತಿಯ ಬೇಲಿ ಇರುತ್ತಿದ್ದವು. ಮುಂಚೂಣಿಯ ಹಿಂದೆ ಆಸರೆಯ ಸಾಲು, ಅದರ ಹಿಂದೆ ಮೀಸಲು ಸಾಲು, ಇವುಗಳನ್ನು ಜೋಡಿಸುವ ಅಡ್ಡ ಕಂದಕಗಳು. ಒಬ್ಬನೇ ಸೈನಿಕ ವರ್ಷಗಟ್ಟಲೆ ಮುಂಚೂಣಿಯಲ್ಲಿ ಕೂತಿರುತ್ತಿರಲಿಲ್ಲ. ಕೆಲವು ದಿನಗಳಿಗೊಮ್ಮೆ ಪಾಳಿ ಬದಲಾಗುತ್ತಿತ್ತು. ಅಲ್ಲಿಯೂ ಅವನ ಹೆಚ್ಚಿನ ಹೊತ್ತು ಹೋಗುತ್ತಿದ್ದುದು ಅಗೆಯುವುದರಲ್ಲಿ, ಹೊರುವುದರಲ್ಲಿ ಮತ್ತು ಕಾಯುವುದರಲ್ಲಿ. ಸಿನಿಮಾದವರು ಇದನ್ನು ತೋರಿಸುವುದು ಕಡಿಮೆ.

ದಿನಗಟ್ಟಲೆ ತಣ್ಣೀರಿನಲ್ಲಿ ನೆನೆದ ಪಾದಗಳಿಗೆ ರಕ್ತ ಹರಿಯದೆ ಮಾಂಸ ಕೊಳೆಯುತ್ತಿತ್ತು; ಬೆರಳು, ಕೆಲವೊಮ್ಮೆ ಇಡೀ ಪಾದವನ್ನೇ ಕತ್ತರಿಸಬೇಕಾಗುತ್ತಿತ್ತು. ತಿಮಿಂಗಿಲದ ಎಣ್ಣೆಯಿಂದ ಕಾಲು ತಿಕ್ಕಿಕೊಂಡು ಒಣ ಕಾಲುಚೀಲ ಹಾಕಿಕೊಳ್ಳುವುದು ಸೇನೆಯ ಕಡ್ಡಾಯ ನಿಯಮವಾಗಿತ್ತು. ಹೇನು ಮತ್ತು ಇಲಿಗಳಿಗೆ ಯಾವ ನಿಯಮವೂ ತಾಗಲಿಲ್ಲ. ಗಲಿಪೊಲಿಯಲ್ಲಿ ಕಷ್ಟ ಇದಕ್ಕೆ ತದ್ವಿರುದ್ಧ: ಅಲ್ಲಿಯ ಬೆಟ್ಟಗಳಲ್ಲಿ ಕುಡಿಯಲು ನೀರಿಲ್ಲದೆ ಈಜಿಪ್ಟಿನಿಂದ ಹಡಗಿನಲ್ಲಿ ತರಿಸಬೇಕಾಯಿತು, ನೊಣ ಮತ್ತು ಆಮಶಂಕೆ ಸಾವಿರಾರು ಜನರನ್ನು ಹಾಸಿಗೆಗೆ ಕೆಡವಿದವು.

ಇಂಥ ಗೋಡೆಗಳ ಮರೆಯಿಂದ ಎದ್ದು ಬಯಲು ದಾಟಿ ದಾಳಿ ಮಾಡುವುದು ಎಂದರೇನೆಂದು ತಿಳಿಯಲು ಫ್ರೊಮೆಲ್ ಒಂದೇ ಸಾಕು. 1916ರ ಜುಲೈ 19ರ ಸಂಜೆ, ಇನ್ನೂ ಬೆಳಕಿರುವಾಗಲೇ, ಜರ್ಮನ್ನರ ಮೆಷಿನ್‌ಗನ್ನುಗಳ ಎದುರು ಆಸ್ಟ್ರೇಲಿಯದ 5ನೆಯ ಡಿವಿಜನ್ ನುಗ್ಗಿತು. ಆಗ ಫ್ರಾನ್ಸಿನಲ್ಲಿ ದೊಡ್ಡ ಕದನ ನಡೆಯುತ್ತಿದ್ದ ಸೊಮ್ ರಣರಂಗಕ್ಕೆ ಜರ್ಮನ್ ಸೈನಿಕರು ಹೋಗದಂತೆ ಇಲ್ಲಿಯೇ ತಡೆದಿಡುವುದು ಇದರ ಉದ್ದೇಶವಾಗಿತ್ತು. ಬೆಳಗಾಗುವಷ್ಟರಲ್ಲಿ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಸೇರಿ 5,533 ಮಂದಿ. ಒಂದಡಿ ನೆಲವೂ ಕೈಯಲ್ಲಿ ಉಳಿಯಲಿಲ್ಲ. ಕೆಲವೇ ದಿನಗಳಲ್ಲಿ ಆರಂಭವಾದ ಪೊಜಿಯೇರ್ ಕದನದಲ್ಲಿ ಆರು-ಏಳು ವಾರಗಳಲ್ಲಿ ಈ ಬಗೆಯ ನಷ್ಟ ಸುಮಾರು 23,000ಕ್ಕೆ ಏರಿತು. ಆ ಹಳ್ಳಿಯಲ್ಲಿ ಗೋಡೆಯೊಂದೂ ನಿಲ್ಲದಂತೆ ಷೆಲ್ಲುಗಳು ಬಿದ್ದಿದ್ದವು.

ಧಾರವಾಡದ ಕಾಲೇಜು ವಿದ್ಯಾರ್ಥಿನಿಯೊಬ್ಬರು: ಆಸ್ಟ್ರೇಲಿಯದವರ ಜೊತೆಗೆ ಭಾರತೀಯರೂ ಇದ್ದರೇ? ನಮ್ಮ ಭಾಗದ ಪಲ್ಟಣಗಳು ಎಲ್ಲಿದ್ದವು?

ಶಾಲೆಯ ಪಠ್ಯದಲ್ಲಿ ಮೊದಲ ಮಹಾಯುದ್ಧವೆಂದರೆ ಸರಾಯೆವೊದಲ್ಲಿ ಹಾರಿದ ಗುಂಡು ಮತ್ತು ವರ್ಸೇಲ್ಸ್ ಒಪ್ಪಂದ. ನಡುವಿನ ನಾಲ್ಕು ವರ್ಷ ಒಂದು ಪುಟದಲ್ಲಿ ಮುಗಿದುಹೋಗುತ್ತದೆ. ಹಾಗಾಗಿ ಈ ಪ್ರಶ್ನೆ ಸಹಜ. 1915ರ ಏಪ್ರಿಲ್ 25ರಂದೇ ಗಲಿಪೊಲಿಯ ಆಂಜಾಕ್ ದಂಡೆಯಲ್ಲಿ ಭಾರತದ ಪರ್ವತ ಫಿರಂಗಿ ದಳ ಇಳಿಯಿತು. ಕಡಿದಾದ ಆ ಗುಡ್ಡಗಳಿಗೆ ಹೇಸರಗತ್ತೆಗಳ ಬೆನ್ನ ಮೇಲೆ ಹೊತ್ತೊಯ್ಯಬಲ್ಲ ತೋಪುಗಳು ಇದ್ದದ್ದು ಅವರ ಬಳಿ. ಮುಂಚೂಣಿಗೆ ನೀರು, ರೊಟ್ಟಿ, ಗುಂಡು ತಲುಪಿಸಿದ್ದೂ ಬಹುಮಟ್ಟಿಗೆ ಭಾರತೀಯ ಹೇಸರಗತ್ತೆ ಪಡೆಯವರೇ. ಕತ್ತೆಯ ಮೇಲೆ ಗಾಯಾಳುಗಳನ್ನು ಸಾಗಿಸಿ ಆಸ್ಟ್ರೇಲಿಯದಲ್ಲಿ ಮನೆಮಾತಾದ, 1915ರ ಮೇ 19ರಂದು ಮಡಿದ ಜಾನ್ ಸಿಂಪ್ಸನ್ ಬಿಡಾರ ಹೂಡಿದ್ದದ್ದು ಇಂಥ ಭಾರತೀಯ ತುಕಡಿಯೊಂದರ ಜೊತೆಗೆ. ಫ್ರಾನ್ಸಿನಲ್ಲಿ ಭಾರತೀಯ ಪಡೆ 1915ರ ಮಾರ್ಚಿನಲ್ಲಿ ಹೋರಾಡಿದ ನವ್‌ಶಪೆಲ್, ಮರುವರ್ಷ ಆಸ್ಟ್ರೇಲಿಯದವರು ನೆಲಕಚ್ಚಿದ ಫ್ರೊಮೆಲ್‌ಗೆ ಕೆಲವೇ ಕಿಲೋಮೀಟರ್ ದೂರದಲ್ಲಿದೆ.

ಧಾರವಾಡ ಆಗ ಮುಂಬೈ ಪ್ರಾಂತಕ್ಕೆ ಸೇರಿತ್ತು. ಇಂದು ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ರೆಜಿಮೆಂಟಿನ ಪೂರ್ವಜ ಪಲ್ಟಣಗಳಲ್ಲಿ 103, 110 ಮತ್ತು 117ನೆಯವು ಮೆಸೊಪೊಟೇಮಿಯಾದಲ್ಲಿ, ಅಂದರೆ ಇಂದಿನ ಇರಾಕಿನಲ್ಲಿ ಕಾದಾಡಿದವು. ಟೈಗ್ರಿಸ್ ನದಿಯ ಕುಟ್ ಊರಿನಲ್ಲಿ ಸುಮಾರು ಐದು ತಿಂಗಳು ಮುತ್ತಿಗೆಗೆ ಸಿಕ್ಕಿ, ಕುದುರೆ ಮಾಂಸ ತಿನ್ನುವ ಸ್ಥಿತಿಗೆ ಬಂದು, 1916ರ ಏಪ್ರಿಲ್ 29ರಂದು ಶರಣಾದ ಸುಮಾರು 13,000 ಜನರಲ್ಲಿ ಹೆಚ್ಚಿನವರು ಭಾರತೀಯರು. ಅವರೊಡನೆ ಆಸ್ಟ್ರೇಲಿಯದ ವಿಮಾನ ದಳದ ಕೆಲವು ಮೆಕ್ಯಾನಿಕ್‌ಗಳೂ ಸೆರೆಯಾದರು. 1918ರಲ್ಲಿ ಇಂದಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಗೆದ್ದ ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ಪಡೆ ಇದ್ದದ್ದು ಆಸ್ಟ್ರೇಲಿಯದ ಸೇನಾನಿ ಹ್ಯಾರಿ ಶೋವೆಲ್ ಅವರ ಅಶ್ವದಳದ ಅಡಿಯಲ್ಲಿ. ಅದು ಕಂದಕದ ಯುದ್ಧವಲ್ಲವಾದ್ದರಿಂದ ಇಲ್ಲಿ ಇಷ್ಟೇ ಸಾಕು.

ಹುಬ್ಬಳ್ಳಿಯ ಓದುಗರೊಬ್ಬರು: ಗಲಿಪೊಲಿಯನ್ನು ಬಿಟ್ಟು ಹೋಗುವಾಗ ಬಂದೂಕುಗಳು ತಾವೇ ಗುಂಡು ಹಾರಿಸಿದವೆಂಬುದು ಕಟ್ಟುಕಥೆಯೇ?

ಕಟ್ಟುಕಥೆಯಲ್ಲ. ಮೇಲಿನ ತಗಡಿನ ಡಬ್ಬಿಯಿಂದ ಕೆಳಗಿನ ಡಬ್ಬಿಗೆ ನೀರು ತೊಟ್ಟಿಕ್ಕಿ, ಅದು ಭಾರವಾದಾಗ ಹಗ್ಗದಿಂದ ಬಂದೂಕಿನ ಕುದುರೆ (ಟ್ರಿಗರ್) ಎಳೆಯುವ ಸರಳ ಸಾಧನವನ್ನು ವಿಲಿಯಂ ಸ್ಕರಿ ಎಂಬ ಆಸ್ಟ್ರೇಲಿಯದ ಸೈನಿಕ ರೂಪಿಸಿದ್ದರು. 1915ರ ಡಿಸೆಂಬರ್ 20ರ ನಸುಕಿನಲ್ಲಿ ಕೊನೆಯ ಸೈನಿಕರು ದೋಣಿ ಹತ್ತುವಾಗ ಖಾಲಿ ಕಂದಕಗಳಿಂದ ಗುಂಡಿನ ಸದ್ದು ಕೇಳುತ್ತಲೇ ಇತ್ತು. ಆ ಇಡೀ ದಂಡಯಾತ್ರೆಯಲ್ಲಿ ಚೆನ್ನಾಗಿ ನಡೆದದ್ದು ಹಿಮ್ಮೆಟ್ಟುವಿಕೆಯೊಂದೇ ಎಂದರೆ ಕಟುವಾದೀತು, ಆದರೆ ಸುಳ್ಳಾಗಲಾರದು.

ಗದಗಿನ ಗ್ರಂಥಪಾಲಕರೊಬ್ಬರು: ಆ ಸೈನಿಕರ ದಾಖಲೆಗಳನ್ನು ಇಂದು ನೋಡಬಹುದೇ? ನಮ್ಮ ಸಿಪಾಯಿಗಳವನ್ನು?

ಮೊದಲ ಮಹಾಯುದ್ಧದ ಆಸ್ಟ್ರೇಲಿಯದ ಸೈನಿಕರ ಸೇವಾ ಕಡತಗಳನ್ನು ಅಲ್ಲಿಯ ರಾಷ್ಟ್ರೀಯ ಪತ್ರಾಗಾರ ಅಂತರ್ಜಾಲದಲ್ಲಿ ಇರಿಸಿದೆ. ಎತ್ತರ, ಕಸುಬು, ಪಡೆದ ಗಾಯ, ತೆತ್ತ ದಂಡ ಎಲ್ಲವೂ ಉಚಿತವಾಗಿ ಸಿಗುತ್ತವೆ. ಫ್ರೊಮೆಲ್ ಬಳಿಯ ಸಾಮೂಹಿಕ ಗೋರಿಯಿಂದ 2009ರಲ್ಲಿ ಹೊರತೆಗೆದ 250 ದೇಹಗಳಲ್ಲಿ ಬಹಳಷ್ಟನ್ನು ವಂಶಸ್ಥರ ಡಿಎನ್‌ಎ ಜೊತೆ ಹೋಲಿಸಿ ಗುರುತಿಸಲು ಇಂಥ ಕಡತಗಳೂ ನೆರವಾದವು. ನಮ್ಮವರ ವಿಷಯ ಹಾಗಿಲ್ಲ. ಮೆಸೊಪೊಟೇಮಿಯಾದಲ್ಲಿ ಸತ್ತವರಿಗಾಗಿ ಕಟ್ಟಿದ ಬಸ್ರಾ ಸ್ಮಾರಕದಲ್ಲಿ ಭಾರತೀಯ ಸೇನೆಯ ಅಧಿಕಾರಿಗಳ ಹೆಸರುಗಳನ್ನು ಕೆತ್ತಿ, ಸಿಪಾಯಿಗಳನ್ನು ಪಲ್ಟಣವಾರು ಸಂಖ್ಯೆಯಾಗಿ ಮಾತ್ರ ನಮೂದಿಸಲಾಯಿತು. ಈ ತಾರತಮ್ಯಕ್ಕಾಗಿ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗ 2021ರಲ್ಲಿ ಕ್ಷಮೆ ಕೇಳಿತು. ಮಡಿದವರ ಹೆಸರುಗಳನ್ನು ಆಯೋಗದ ಜಾಲತಾಣದಲ್ಲಿ ಹುಡುಕಬಹುದು. ಆದರೆ ಇಂಗ್ಲಿಷ್ ಗುಮಾಸ್ತರು ನಮ್ಮ ಹೆಸರುಗಳನ್ನು ಕಿವಿಗೆ ಬಿದ್ದಂತೆ ಬರೆದಿದ್ದಾರಾದ್ದರಿಂದ, ಒಂದೇ ಹೆಸರನ್ನು ಹಲವು ಕಾಗುಣಿತಗಳಲ್ಲಿ ಪ್ರಯತ್ನಿಸಬೇಕು ಮತ್ತು ಪಲ್ಟಣದ ಸಂಖ್ಯೆ ಗೊತ್ತಿದ್ದರೆ ಹುಡುಕಾಟವನ್ನು ಅಲ್ಲಿಂದಲೇ ಆರಂಭಿಸಬೇಕು.