ತೂಗಿ ಕೊಟ್ಟ ತಾಮ್ರದ ತಂತಿ

ಹುಡುಗನಿಗೆ 17. ಮಂಡ್ಯದ ಹತ್ತಿರದ ಹಳ್ಳಿಯವನು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಗೆಳೆಯರ ಜೊತೆ ಯಾರದೋ ಬೈಕ್ ಎತ್ತಿಕೊಂಡು ಹೋಗಿ, ಪೆಟ್ರೋಲ್ ಖಾಲಿಯಾದ ಕಡೆ ಸಿಕ್ಕಿಬಿದ್ದಿದ್ದ. 18 ತುಂಬದವರ ಕೇಸು ನೋಡುವ ಬಾಲನ್ಯಾಯ ಮಂಡಳಿ ಬುದ್ಧಿ ಹೇಳಿ ಅವ್ವನ ಜೊತೆ ಮನೆಗೆ ಕಳಿಸಿತ್ತು.

ಮಾತಾಡಲು ನನ್ನ ಹತ್ತಿರ ಬಂದ ಮೊದಲ ದಿನ "ಮುಂದೆ ಏನಾಗ್ತೀಯಪ್ಪ?" ಅಂತ ಕೇಳಿ ತಪ್ಪು ಮಾಡಿದೆ. "ಕೇಸ್ ಇರೋನ್ಗೆ ಯಾರ್ ಸಾ ಕೆಲ್ಸ ಕೊಟ್ಟಾರು, ಬುಡಿ" ಅಂದ. ಅಷ್ಟೇ.

ಎರಡನೇ ಸಲ ನನ್ನ ರೂಮಿನ ಫ್ಯಾನ್ ತೂಕಡಿಸುತ್ತಿತ್ತು. ಅದನ್ನೇ ನೋಡುತ್ತ "ಕೆಪಾಸಿಟರ್ ವೀಕಾಗೈತೆ ಸಾ" ಅಂದ. ಮಾತು ಶುರುವಾಗಿದ್ದೇ ಅಲ್ಲಿಂದ. ಸೋದರಮಾವನ ಅಂಗಡಿಯಲ್ಲಿ ಪಂಪ್‌ಸೆಟ್ ಮೋಟಾರ್ ವೈಂಡಿಂಗ್, ಅಂದರೆ ಸುಟ್ಟ ಮೋಟಾರ್‌ಗೆ ಹೊಸ ತಾಮ್ರದ ತಂತಿ ಸುತ್ತುವುದು, ಕಲಿತಿದ್ದನಂತೆ. ಬೇಸಿಗೆಯಲ್ಲಿ ಕಬ್ಬಿಗೆ ನೀರು ಬಿಡುವಾಗ ವೋಲ್ಟೇಜ್ ಬಿದ್ದು, ಸುಟ್ಟ ಮೋಟಾರ್‌ಗಳು ಸಾಲಾಗಿ ಬರುತ್ತವೆ. ಹಳೇ ಕಾಯಿಲ್ ಕತ್ತರಿಸಿ ಸುತ್ತು ಎಣಿಸುವುದು, ಬರೆದುಕೊಳ್ಳುವುದು, ಸ್ಲಾಟ್‌ಗೆ ಪೇಪರ್ ಇಟ್ಟು ಹೊಸ ತಂತಿ ಕೂರಿಸುವುದು, ಎಲ್ಲ ಮೇಜಿನ ಮೇಲೆ ಬೆರಳಲ್ಲೇ ತೋರಿಸಿದ. "ಎಣಿಕೆ ತಪ್ಪುದ್ರೆ ಮತ್ತೆ ಸುಡ್ತದೆ ಸಾ." ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ಫೇಲಾದವನು ಇವನೇ, ನೋಡಿ!

ಮೊದಲು ಕೇಸಿನ ಭಯ ಬಿಡಿಸಬೇಕಿತ್ತು. 2015ರ ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಈ ಕೇಸು ಅವನನ್ನು ಯಾವುದಕ್ಕೂ ಅನರ್ಹ ಮಾಡುವುದಿಲ್ಲ. ಮುಗಿದ ಕೇಸಿನ ವಿವರವನ್ನು ಪೊಲೀಸರು ನಡತೆ ಪ್ರಮಾಣಪತ್ರಕ್ಕೂ ಕೊಡುವಂತಿಲ್ಲ, ಅದು 74ನೇ ಸೆಕ್ಷನ್. (16 ದಾಟಿದವರ ಘೋರ ಅಪರಾಧದ ಕೇಸು ಮಕ್ಕಳ ನ್ಯಾಯಾಲಯಕ್ಕೆ ಹೋದರೆ ಮಾತು ಬೇರೆ.) ಇದನ್ನು ಅವನಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಅವ್ವನಿಗೆ ಒಂದೇ ಮಾತು ಹೇಳಿದೆ: ಊಟದ ಹೊತ್ತಲ್ಲಿ ಆ ಬೈಕಿನ ಸುದ್ದಿ ಎತ್ತಬೇಡಿ.

ಓದಿನ ದಾರಿ ಸುಲಭ. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್‌ಗೆ ಎಸ್ಸೆಸ್ಸೆಲ್ಸಿ ಬೇಕು, ವೈರ್‌ಮನ್‌ಗೆ ಎಂಟನೇ ಕ್ಲಾಸ್ ಸಾಕು. ಎರಡೂ ಎರಡು ವರ್ಷ. ಮೊದಲು ಗಣಿತ ಮತ್ತೆ ಕಟ್ಟು, ಆಗದಿದ್ದರೆ ವೈರ್‌ಮನ್ ಇದ್ದೇ ಇದೆ ಅಂದೆ.

ಕಷ್ಟವಿದ್ದದ್ದು ಅವನನ್ನು ಮತ್ತೆ ಅಂಗಡಿಗೆ ಸೇರಿಸಿಕೊಳ್ಳಲು ಮಾವನನ್ನು ಒಪ್ಪಿಸುವುದರಲ್ಲಿ. ಕರೆಸಿದೆ. "ತಾಮ್ರ ಕೆಜಿ ಲೆಕ್ಕ ಸಾ. ಈಗ ಅವನನ್ನ ನಂಬೋದೆಂಗೆ?" ಅಂದರು. ತಪ್ಪೇನಿಲ್ಲ, ಅವರ ಹೊಟ್ಟೆಪಾಡು ಅಲ್ವಾ? ಸುಮ್ನೆ ನಂಬಿ ಅಂತ ನಾನೂ ಹೇಳಲಿಲ್ಲ. ತಂತಿ ತೂಗಿ ಕೊಡಿ, ಉಳಿದದ್ದನ್ನೂ ತುಂಡುಗಳನ್ನೂ ಸಂಜೆ ತೂಗಿ ಬರೆಯಿರಿ, ಇಬ್ಬರೂ ಸಹಿ ಹಾಕಿ. ಅರ್ಧ ದಿನ ಮಾತ್ರ ಕೆಲಸ. ಕರೆಂಟ್ ಕೊಟ್ಟು ಟೆಸ್ಟ್ ಮಾಡುವುದು ನೀವೇ ಅಂದೆ.

ಆರು ವಾರದ ಮೇಲೆ ಹುಡುಗ ಆ ನೋಟ್‌ಬುಕ್ ತಂದು ತೋರಿಸಿದ. ಗ್ರೀಸ್ ಮೆತ್ತಿದ ಹಾಳೆ, ಗ್ರಾಂ ಲೆಕ್ಕ, ಎರಡೆರಡು ಸಹಿ. ಕೊನೆಯ ಎರಡು ಪುಟದಲ್ಲಿ ಮಾವನ ಸಹಿ ಇರಲಿಲ್ಲ. ಯಾಕೋ ಅಂದೆ. "ನೀನೇ ಬರ್ದಿಡು ಅಂದ್ರು ಸಾ."