ಪಿಟಿ ಪೀರಿಯಡ್‌ನಲ್ಲಿ ಬ್ಯಾಗ್ ಕಾಯುತ್ತಿದ್ದ ಹುಡುಗ

ಗುರುತು ಸಿಗದ ಹಾಗೆ ಹೆಸರು, ಕೆಲಸ, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಇವರನ್ನು ಸುರೇಶ ಅಂತ ಕರೆಯೋಣ. ವಯಸ್ಸು 38, ಮೈಸೂರಿನಲ್ಲಿ ಲೆಕ್ಕಪತ್ರದ ಕೆಲಸ. ಬೆಳಿಗ್ಗೆ ಕುರ್ಚಿ ಹಿಡಿದರೆ ಏಳೋದು ಸಂಜೆಗೇ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ಸೊಂಟದ ಸುತ್ತಳತೆ 96 ಸೆಂಟಿಮೀಟರ್, ನಮ್ಮ ಕಡೆಯ ಗಂಡಸರಿಗೆ ಅದು 90 ದಾಟಬಾರದು. ಮೂರು ತಿಂಗಳ ಸರಾಸರಿ ಸಕ್ಕರೆ, ಅಂದರೆ ಎಚ್‌ಬಿಎ1ಸಿ, 6.1 ಬಂದಿತ್ತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆ ಇನ್ನೂ ಮನೆಯೊಳಗೆ ಬಂದಿಲ್ಲ, ಹೊಸ್ತಿಲಲ್ಲಿ ನಿಂತಿದೆ ಅಂತ ಅರ್ಥ. ಡಾಕ್ಟರು ಆರು ತಿಂಗಳು ಮಾತ್ರೆ ಇಲ್ಲದೆ ನೋಡೋಣ ಅಂದಿದ್ದರು. ಆದರೆ ಇವರಿಗೆ ರಾತ್ರಿ ನಿದ್ದೆಯೇ ಹತ್ತುತ್ತಿರಲಿಲ್ಲ, ಅದಕ್ಕೇ ನನ್ನ ಹತ್ತಿರ ಬಂದರು.

ಹುಟ್ಟುವಾಗ ತೂಕ ಕಡಿಮೆ ಇದ್ದವರಿಗೆ ಹೃದಯದ ಕಾಯಿಲೆ ಬರುತ್ತದೆ ಅಂತ ಯಾವುದೋ ವಿಡಿಯೋದಲ್ಲಿ ನೋಡಿದ್ದರು. ಇವರು ಹುಟ್ಟಿದ್ದು 1.9 ಕೆಜಿ. "ನನ್ನದು ಹುಟ್ಟಿದಾಗಲೇ ಬರೆದಾಗಿದೆ ಮೇಡಂ. ಇನ್ನು ವಾಕಿಂಗ್ ಮಾಡಿ ಏನು ಪ್ರಯೋಜನ?"

ಎರಡನೇ ಸಲ ಅಮ್ಮನನ್ನೂ ಕರೆದುಕೊಂಡು ಬಂದರು. ಆಯಮ್ಮ ಒಂದು ಪ್ಲಾಸ್ಟಿಕ್ ಕವರ್ ತೆಗೆದು, ರೇಷನ್ ಕಾರ್ಡಿನ ಜೆರಾಕ್ಸುಗಳ ನಡುವಿನಿಂದ ಒಂದು ಚೀಟಿ ಎಳೆದರು. ನಾಲ್ಕು ಮಡಿಕೆ, ಮಡಿಕೆ ಇದ್ದ ಕಡೆಯೆಲ್ಲ ಹರಿದಿತ್ತು. ನೀಲಿ ಶಾಯಿಯಲ್ಲಿ "ಗಂಡು, 1900 ಗ್ರಾಂ". ಮೂವತ್ತೆಂಟು ವರ್ಷ ಇಟ್ಟುಕೊಂಡಿದ್ದಾರೆ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಮೈಸೂರಿನವರೇ ಅಲ್ವಾ ಅಂತ, ಮೈಸೂರಿನದೇ ಅಧ್ಯಯನ ಹೇಳತೊಡಗಿದೆ. ಇಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷೆ ಮಾಡಿದರು. ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ರಕ್ತನಾಳದ ಕಾಯಿಲೆ, 3.1 ಕೆಜಿಗಿಂತ ಜಾಸ್ತಿ ಇದ್ದವರಲ್ಲಿ ನೂರಕ್ಕೆ 3. ಹನ್ನೊಂದು ಅನ್ನೋದು ಕಿವಿಗೆ ಬಿದ್ದದ್ದೇ ಆಯಮ್ಮ ಚೀಟಿ ಮಡಚಿ ಕವರಿನೊಳಗೆ ಹಾಕಿಬಿಟ್ಟರು.

"ಆಗ ಊದುಬತ್ತಿ ಹೊಸೀತಿದ್ದೆ ಮೇಡಂ, ಒಂಬತ್ತು ತುಂಬೋವರೆಗೂ. ಜಾಸ್ತಿ ಉಂಡರೆ ಮಗು ದಪ್ಪ ಆಗುತ್ತೆ, ಹೆರಿಗೆ ಕಷ್ಟ ಅಂತ ನಮ್ಮತ್ತೆ ಎರಡೇ ಹೊತ್ತು ಇಕ್ಕೋರು."

ತಾಯಿಯ ಎದುರು ಆ ಅಂಕಿಯನ್ನು ಹಾಗೆ ಎತ್ತಬಾರದಿತ್ತು. ಅದೇ ನೂರರಲ್ಲಿ 89 ಜನರಿಗೆ ಕಾಯಿಲೆ ಇರಲಿಲ್ಲ ಅನ್ನೋದನ್ನು ಮೊದಲು ಹೇಳಬೇಕಿತ್ತು. ಆಮೇಲೆ ಹೇಳಿದೆ. "ನಿಮಗೆ ಇಕ್ಕಿದ್ದೇ ಎರಡು ಹೊತ್ತು, ಅದು ನಿಮ್ಮ ತಪ್ಪಲ್ಲಮ್ಮ. 1.9 ಕೆಜಿ ಮಗುವನ್ನು ಉಳಿಸಿಕೊಂಡವರು ನೀವು" ಅಂದೆ. ಆಯಮ್ಮ ತುಂಬ ಹೊತ್ತು ಮಾತಾಡಲಿಲ್ಲ.

ಸುರೇಶ ಅವರಿಗೆ ವಿವರಿಸಿದ್ದು ಇಷ್ಟು. ಹೊಟ್ಟೆಯಲ್ಲಿರುವ ಮಗುವಿಗೆ ಊಟ ಸಾಲದೆ ಬಂದರೆ ದೇಹ ಮೊದಲು ಮಿದುಳಿಗೆ ಕೊಡುತ್ತದೆ, ಸ್ನಾಯುಗಳಿಗೆ ಕಡಿಮೆ ಬೀಳುತ್ತದೆ. ಉಂಡ ಅನ್ನದ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಈ ಸ್ನಾಯುಗಳೇ. ಸ್ನಾಯು ಕಡಿಮೆಯಾದರೆ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ, ಅದು ಮುಂದೆ ಹೃದಯದ ರಕ್ತನಾಳಕ್ಕೂ ಪೆಟ್ಟು ಕೊಡುತ್ತದೆ. ಜೊತೆಗೆ ನಮ್ಮ ಮಕ್ಕಳು ತೂಕದಲ್ಲಿ ಚಿಕ್ಕವರಾದರೂ ಕೊಬ್ಬು ಅಷ್ಟಾಗಿ ಕಡಿಮೆ ಇರಲ್ಲ ಅಂತ ಪುಣೆಯ ವೈದ್ಯರು ತೋರಿಸಿದ್ದಾರೆ. ಹುಟ್ಟಿದ ತೂಕ ಬದಲಾಗಲ್ಲ, ಆದರೆ ಸ್ನಾಯುವನ್ನು ಯಾವ ವಯಸ್ಸಿನಲ್ಲೂ ಬೆಳೆಸಬಹುದು. ಫಿನ್ಲೆಂಡಿನಲ್ಲಿ ವಯಸ್ಸಾದವರನ್ನು ನೋಡಿದಾಗ, ಚಿಕ್ಕದಾಗಿ ಹುಟ್ಟಿದ್ದರೂ ವ್ಯಾಯಾಮ ಮಾಡುತ್ತಿದ್ದವರಲ್ಲಿ ಸಕ್ಕರೆಯ ತೊಂದರೆ ಕಡಿಮೆ ಇತ್ತು. ಅಂದರೆ "ಏನು ಪ್ರಯೋಜನ" ಅಂತ ಕೇಳಿದರಲ್ಲ, ಎಲ್ಲರಿಗಿಂತ ಜಾಸ್ತಿ ಪ್ರಯೋಜನ ಇವರಂಥವರಿಗೇ.

ಸ್ಕೂಲಲ್ಲಿ ಯಾವ ಆಟ ಆಡ್ತಿದ್ರಿ ಅಂತ ಸುಮ್ನೆ ಕೇಳಿದೆ.

"ಆಡ್ತಿರಲಿಲ್ಲ. ಪಿಟಿ ಪೀರಿಯಡ್‌ನಲ್ಲಿ ಮರದ ಕೆಳಗೆ ಕೂತು ಎಲ್ಲರ ಬ್ಯಾಗ್ ಕಾಯ್ತಿದ್ದೆ."

"ನಾನೇ ಮೇಷ್ಟ್ರಿಗೆ ಚೀಟಿ ಬರೆಸಿ ಕೊಟ್ಟಿದ್ದೆ. ಮಗು ವೀಕು, ಓಡಿಸಬೇಡಿ ಅಂತ" ಅಂದರು ಅಮ್ಮ. ಸೈಕಲ್ ಕೂಡ ಕೊಡಿಸಿರಲಿಲ್ಲವಂತೆ. ಪ್ರೀತಿಯಿಂದ ಮಾಡಿದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹುಡುಗನಿಗೆ ಯಾವುದು ಔಷಧಿ ಆಗುತ್ತಿತ್ತೋ ಅದನ್ನೇ ತಪ್ಪಿಸಿದ ಹಾಗಾಯಿತು. ಈಗ ಅದೇ ಕಥೆ ಮೊಮ್ಮಗಳಿಗೆ. ವಯಸ್ಸು ಐದು, ಹುಟ್ಟಿದಾಗ 2.3 ಕೆಜಿ. ಅಜ್ಜಿ ತೊಡೆಯಿಂದ ಇಳಿಸಲ್ಲ, ಟಿವಿ ಮುಂದೆ ಕೂರಿಸಿ ತುಪ್ಪದನ್ನ ತುರುಕುತ್ತಾರೆ. ದೆಹಲಿಯಲ್ಲಿ ಮಕ್ಕಳನ್ನು ಹುಟ್ಟಿನಿಂದ ದೊಡ್ಡವರಾಗುವವರೆಗೆ ಅಳೆದು ನೋಡಿದ ಅಧ್ಯಯನ ಒಂದಿದೆ. ಮುಂದೆ ಸಕ್ಕರೆಯ ತೊಂದರೆ ಬಂದವರು ಎರಡು ವರ್ಷದವರೆಗೆ ತೆಳ್ಳಗಿದ್ದು, ಆಮೇಲೆ ಹನ್ನೆರಡರವರೆಗೆ ಬೇಗ ಬೇಗ ಮೈ ತುಂಬಿಕೊಂಡವರು. ಅವರಲ್ಲಿ ಹೆಚ್ಚಿನವರು ನೋಡೋಕೆ ದಪ್ಪ ಮಕ್ಕಳೂ ಆಗಿರಲಿಲ್ಲ. ಚಿಕ್ಕದಾಗಿ ಹುಟ್ಟಿದ ಮಗುವನ್ನು ಗುಂಡಗೆ ಮಾಡಲೇಬೇಕು ಅನ್ನೋ ನಮ್ಮ ಆಸೆ ನಿಜಕ್ಕೂ ಬಿಡಬೇಕಾದದ್ದು.

ಸಲಹೆ ದೊಡ್ಡದೇನೂ ಅಲ್ಲ. ಮಧ್ಯಾಹ್ನ ಮತ್ತು ರಾತ್ರಿ ಊಟ ಆದಮೇಲೆ ಹತ್ತು ಹತ್ತು ನಿಮಿಷ ನಡಿಗೆಯಿಂದ ಶುರು, ನಿಧಾನವಾಗಿ ವಾರಕ್ಕೆ 150 ನಿಮಿಷ ಬಿರುಸು ನಡಿಗೆ. ವಾರದಲ್ಲಿ ಎರಡು ದಿನ ಸ್ನಾಯುವಿಗೆ ಕೆಲಸ: ಕೈ ಊರದೆ ಕುರ್ಚಿಯಿಂದ ಎದ್ದು ಕೂರೋದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯೋದು. ಬಿಪಿ ಸ್ವಲ್ಪ ಜಾಸ್ತಿ ಇದ್ದಿದ್ದರಿಂದ ಶುರು ಮಾಡುವ ಮುಂಚೆ ಡಾಕ್ಟರನ್ನು ಕೇಳಿ ಅಂದೆ. ಎದೆ ಹಿಡಿದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ರಾತ್ರಿ ಹತ್ತರ ಮೇಲೆ ಆರೋಗ್ಯದ ವಿಡಿಯೋ ನೋಡೋದು ಬಂದ್. ಅಜ್ಜಿಗೆ ಒಂದೇ ಕೆಲಸ: ಸಂಜೆ ಮೊಮ್ಮಗಳನ್ನು ಪಾರ್ಕಿಗೆ ಕರೆದುಕೊಂಡು ಹೋಗಿ, ಕೈಯಲ್ಲಿ ತಟ್ಟೆ ಇಲ್ಲದೆ.

ನಾಲ್ಕು ತಿಂಗಳಿಗೆ ಎಚ್‌ಬಿಎ1ಸಿ 5.9, ಸೊಂಟ 93. ನಿದ್ದೆ ಬರುತ್ತಿದೆ. ತಿಂಗಳ ಕೊನೆಯಲ್ಲಿ ಲೆಕ್ಕ ಮುಗಿಸುವ ವಾರ ನಡಿಗೆ ಈಗಲೂ ತಪ್ಪುತ್ತದೆ. ಅಮ್ಮನಿಗೆ ಮಂಡಿನೋವು, ಆದರೂ ರಾತ್ರಿ ಜೊತೆಗೆ ಹೊರಡುತ್ತಾರೆ. ಬೀದಿ ಕೊನೆಯ ಗುಡಿಯ ಕಟ್ಟೆ ಮೇಲೆ ಅವರನ್ನು ಕೂರಿಸಿ, ಮಗ ಇನ್ನೆರಡು ಸುತ್ತು ಹೊಡೆದು ಬರುತ್ತಾರೆ.